ವರ್ಕ್‌ಶಾಪ್ ಹಿಂದೆ ನೆಟ್ಟ ಎರಡು ಕಂಬ

2025ರ ಜನವರಿ 19, ಭಾನುವಾರ ಸಂಜೆ. ಮೂರನೇ ಸೆಮಿಸ್ಟರ್ ಪರೀಕ್ಷೆ ತಲೆಯ ಮೇಲಿತ್ತು. ಅತ್ತಿಗುಪ್ಪೆಯ ನಮ್ಮ ಬಾಡಿಗೆ ಮನೆಯಲ್ಲಿ ಕಾಲು ಚಾಚಿ ಓದಲು ಇರುವ ಜಾಗ ಹಾಲ್ ಒಂದೇ. ಅದೇ ಹಾಲ್‌ನಲ್ಲಿ ಅಪ್ಪನ ಟಿವಿ. ಚಾನೆಲ್ ಬದಲಿಸುತ್ತಾ ಹೋದ ಅಪ್ಪ ಒಂದು ಕಡೆ ನಿಂತುಬಿಟ್ಟರು. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಕೊಕ್ಕೊ ವಿಶ್ವಕಪ್‌ನ ಫೈನಲ್ ನಡೆಯುತ್ತಿತ್ತು. ಭಾರತ ಮತ್ತು ನೇಪಾಳದ ಹುಡುಗಿಯರು ಆಡುತ್ತಿದ್ದರು.

‘ನಾವು ಇದನ್ನ ಧೂಳಲ್ಲಿ ಆಡ್ತಿದ್ವಿ. ಈಗ ಜಮಖಾನ ಹಾಸಿಬಿಟ್ಟವ್ರೆ ನೋಡು’ ಎಂದರು ಅಪ್ಪ.

ಪುಸ್ತಕ ಮಡಚಿಟ್ಟು ನಾನೂ ನೋಡಿದೆ. 78–40ರಿಂದ ನಮ್ಮವರು ಗೆದ್ದರು. ಪುರುಷರ ತಂಡವೂ 54–36ರಿಂದ ನೇಪಾಳವನ್ನೇ ಸೋಲಿಸಿತು. ಗೆದ್ದ ಮಹಿಳಾ ತಂಡದಲ್ಲಿ ನಮ್ಮವಳೇ ಒಬ್ಬಳು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದಾಳೆ ಎಂಬುದು ಗೊತ್ತಾದದ್ದು ಸುದ್ದಿ ಓದಿದಾಗ. ಹಳ್ಳಿಯ ಹುಡುಗಿ ವಿಶ್ವಕಪ್ ಎತ್ತಿದಳು. ಸಾವಿರಾರು ಮಕ್ಕಳು ಓದುವ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗಿಯರ ಕೊಕ್ಕೊ ತಂಡವಾದರೂ ಇದೆಯೇ? ಪರೀಕ್ಷೆ ಹತ್ತಿರ ಬಂದಾಗ ಓದು ಬಿಟ್ಟು ಬೇರೆಲ್ಲ ಕೆಲಸದ ಮೇಲೆ ಪ್ರೀತಿ ಬರುತ್ತದಲ್ಲ, ಅಂಥದ್ದೇ ಒಂದು ಗಳಿಗೆಯಲ್ಲಿ ಹುಟ್ಟಿದ ಪ್ರಶ್ನೆ ಇದು.

ತಂಡ ಇರಲಿಲ್ಲ. ಥ್ರೋಬಾಲ್ ಇತ್ತು, ವಾಲಿಬಾಲ್ ಇತ್ತು, ಚೆಸ್ ಇತ್ತು. ಕೊಕ್ಕೊ ಇರಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಆಟಗಾರ್ತಿಯಲ್ಲ. ವಿಜಯನಗರದ ಕಡೆ ನಾನು ಓದಿದ ಶಾಲೆಗೆ ಮೈದಾನವೇ ಇರಲಿಲ್ಲ. ಕಟ್ಟಡದ ಮುಂದಿನ ಸಿಮೆಂಟ್ ಅಂಗಳದಲ್ಲೇ ಪ್ರಾರ್ಥನೆ, ಅದರಲ್ಲೇ ಪಿ.ಟಿ. ಕೊಕ್ಕೊ ಆಡಿದ್ದು ಏಳನೇ ಕ್ಲಾಸಿನ ಸ್ಪೋರ್ಟ್ಸ್ ಡೇಗೆ, ಒಂದೇ ಸಲ. ಹಾಗಾಗಿ ತಂಡ ಕಟ್ಟುವ ಯೋಗ್ಯತೆ ನನಗೆ ಏನಿತ್ತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಬೇರೆ ಯಾರೂ ಕಟ್ಟುತ್ತಿರಲಿಲ್ಲ, ಅಷ್ಟೆ.

ನಾಲ್ಕನೇ ಸೆಮಿಸ್ಟರ್ ಶುರುವಾದ ವಾರವೇ ನಮ್ಮ ಪಿ.ಡಿ. ಸರ್ ಬಳಿ ಹೋದೆ. ಅವರು ಬೇಡ ಎನ್ನಲಿಲ್ಲ. ‘ಹನ್ನೆರಡು ಹೆಸರು ಬರ್ಕೊಂಡು ಬಾ. ಯುಎಸ್‌ಎನ್ ಸಮೇತ. ಆಮೇಲೆ ಮಾತಾಡೋಣ’ ಎಂದರು. ಹಿಂದೊಮ್ಮೆ ಹೀಗೇ ಹುರುಪಿನಲ್ಲಿ ಶುರುವಾದ ಒಂದು ತಂಡ ಟೂರ್ನಿಗೆ ನಾಲ್ಕು ದಿನ ಇರುವಾಗ ಕರಗಿಹೋಗಿ, ಅವರು ಬೇರೆ ಕಾಲೇಜಿನವರ ಮುಂದೆ ತಲೆ ತಗ್ಗಿಸಬೇಕಾಗಿತ್ತಂತೆ. ಅವರ ಅನುಮಾನ ನ್ಯಾಯವಾದದ್ದೇ. ನನಗೆ ಅದು ಅರ್ಥವಾಗಲು ಆರು ತಿಂಗಳು ಬೇಕಾಯಿತು ಎನ್ನುವುದು ಬೇರೆ ಮಾತು.

ಹನ್ನೆರಡು ಹೆಸರು ತಾನೆ, ಅದೆಷ್ಟರ ಕೆಲಸ ಎಂದುಕೊಂಡೆ. ಒಂದು ಪೋಸ್ಟರ್ ಮಾಡಿದೆ. ಪೂರ್ತಿ ಇಂಗ್ಲಿಷ್‌ನಲ್ಲಿ, ಬೆಂಕಿಯ ಚಿತ್ರ ಹಾಕಿ, ದೊಡ್ಡ ದೊಡ್ಡ ಪದ ಸೇರಿಸಿ, ಕೆಳಗೆ ಗೂಗಲ್ ಫಾರ್ಮ್ ಕೊಟ್ಟು ಎಲ್ಲ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೂ ಕಳಿಸಿದೆ. ಥಂಬ್ಸ್ ಅಪ್ ಬಂದವು. ಹಾರ್ಟ್‌ಗಳೂ ಬಂದವು. ಮೊದಲ ಮೀಟಿಂಗ್‌ಗೆ ಬಂದವರು ನಾಲ್ಕು ಜನ. ಅದರಲ್ಲಿ ಇಬ್ಬರು ಕೇಳಿದ್ದು, ‘ಇದಕ್ಕೆ ಆ್ಯಕ್ಟಿವಿಟಿ ಪಾಯಿಂಟ್ಸ್ ಕೊಡ್ತಾರಾ?’ ಅವರನ್ನೂ ತಪ್ಪು ಎನ್ನಲಾರೆ. ನಮ್ಮ ವಿಟಿಯು ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರ್‌ನಿಂದ ದೈಹಿಕ ಶಿಕ್ಷಣ, ಯೋಗ, ಎನ್‌ಎಸ್‌ಎಸ್ ಈ ಮೂರರಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು. ಆದರೆ ಅದರ ಕ್ರೆಡಿಟ್ ಎಷ್ಟು? ಸೊನ್ನೆ. ಸೊನ್ನೆ ಕ್ರೆಡಿಟ್‌ನ ವಿಷಯಕ್ಕೆ ಎಂಜಿನಿಯರಿಂಗ್ ಹುಡುಗಿಯರು ಬೆಳಿಗ್ಗೆ ಆರಕ್ಕೆ ಏಳಬೇಕು ಎಂದು ನಾನು ಕೇಳುತ್ತಿದ್ದೆ.

ಫಾರ್ಮ್ ತುಂಬಿದವರಿಗಿಂತ ದೊಡ್ಡ ಉಪಕಾರ ಮಾಡಿದ್ದು ಪೋಸ್ಟರನ್ನು ಬೈದವಳು. ಕ್ಯಾಂಟೀನ್‌ನಲ್ಲಿ ಗೋಡೆಗೆ ಅಂಟಿಸಿದ್ದ ಪ್ರತಿಯ ಮುಂದೆ ಸಿವಿಲ್ ಬ್ರಾಂಚ್‌ನ ಒಬ್ಬಳು ನಿಂತು ತನ್ನ ಪಾಡಿಗೆ ನಗುತ್ತಿದ್ದಳು. ಯಾಕೆ ಎಂದು ಕೇಳಿದೆ. ‘ಇದನ್ನ ಯಾರೋ ಆಡ್ದೇ ಇರೋರು ಮಾಡಿರೋದು. ನೋಡು, ಕೂತಿರೋರೆಲ್ಲ ಒಂದೇ ಕಡೆ ಮುಖ ಮಾಡವ್ರೆ. ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಕೂರಬೇಕು ಅಲ್ವಾ?’ ಎಂದಳು.

ಮಾಡಿದವಳು ನಾನೇ ಎಂದು ಹೇಳಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಅವಳ ಊರು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಪ್ರೌಢಶಾಲೆಯಲ್ಲಿ ಓದುವಾಗ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ದಾಟಿ ಜಿಲ್ಲಾ ಮಟ್ಟದವರೆಗೆ ಆಡಿದ್ದಳು. ಎರಡು ವರ್ಷದಿಂದ ಇದೇ ಕಾಲೇಜಿನಲ್ಲಿದ್ದಾಳೆ, ಯಾರಿಗೂ ಗೊತ್ತಿಲ್ಲ. ಮೊದಲ ವರ್ಷದ ಇಂಡಕ್ಷನ್‌ನಲ್ಲಿ ಎಲ್ಲರೂ ಎದ್ದು ನಿಂತು ಹೆಸರು, ಊರು, ಹವ್ಯಾಸ ಹೇಳಬೇಕಿತ್ತಲ್ಲ, ಆಗ ಏನು ಹೇಳಿದೆ ಎಂದು ಕೇಳಿದೆ. ‘ಲಿಸನಿಂಗ್ ಟು ಮ್ಯೂಸಿಕ್ ಅಂದೆ. ಮುಂದಿನವರೆಲ್ಲ ಅದನ್ನೇ ಹೇಳ್ತಿದ್ರು. ಬ್ಯಾಡ್ಮಿಂಟನ್ನು, ಸ್ವಿಮ್ಮಿಂಗು ಅನ್ನೋರ ಮಧ್ಯೆ ಎದ್ದು ನಿಂತು ಕೊಕ್ಕೊ ಅನ್ನೋಕೆ ಒಂಥರಾ ಆಯ್ತು.’

ಆ ‘ಒಂಥರಾ’ ಎಷ್ಟು ಜನರೊಳಗೆ ಕೂತಿತ್ತು ಎಂಬುದು ಗೊತ್ತಾದದ್ದು ಮುಂದಿನ ವಾರ. ಶಿರಾದವಳೇ ನನ್ನನ್ನು ಲೇಡೀಸ್ ಹಾಸ್ಟೆಲ್‌ಗೆ ಕರೆದುಕೊಂಡು ಹೋದಳು. ‘ಟೀಮ್‌ಗೆ ಸೇರ್ತೀಯಾ ಅಂತ ಕೇಳ್ಬೇಡ. ಹೈಸ್ಕೂಲಲ್ಲಿ ಏನು ಆಡ್ತಿದ್ದೆ ಅಂತ ಕೇಳು’ ಎಂದು ಹೇಳಿಕೊಟ್ಟಳು. ರೂಮಿನಿಂದ ರೂಮಿಗೆ ಹೋದೆವು. ಬಟ್ಟೆ ಒಣಹಾಕುತ್ತಿದ್ದವರು, ಬಕೆಟ್ ಹಿಡಿದು ಬಿಸಿನೀರಿಗೆ ಕಾಯುತ್ತಿದ್ದವರು, ರೆಕಾರ್ಡ್ ಬರೆಯುತ್ತಿದ್ದವರು ಎಲ್ಲರನ್ನೂ ಕೇಳಿದೆವು. ಹುಣಸೂರಿನವಳು ರನ್ನರ್ ಆಗಿದ್ದಳು. ಚಿಂತಾಮಣಿಯವಳು ಕಂಬ ಹಿಡಿದು ಡೈವ್ ಹೊಡೆಯುತ್ತಿದ್ದಳಂತೆ, ಮೊಣಕೈ ಮೇಲಿನ ಹಳೇ ಗಾಯದ ಗುರುತು ತೋರಿಸಿದಳು. ಹರಪನಹಳ್ಳಿಯವಳ ಪೆಟ್ಟಿಗೆಯ ತಳದಲ್ಲಿ ತಾಲ್ಲೂಕು ಮಟ್ಟದ ಸರ್ಟಿಫಿಕೇಟ್ ಇತ್ತು, ಹತ್ತನೇ ತರಗತಿ ಅಂಕಪಟ್ಟಿಯ ಜೊತೆಗೆ ಅದೇ ಪ್ಲಾಸ್ಟಿಕ್ ಕವರ್‌ನಲ್ಲಿ. ಎರಡು ಸಂಜೆಯಲ್ಲಿ ಒಂಬತ್ತು ಜನ ಸಿಕ್ಕರು. ಅಂದಿನಿಂದ ನಮ್ಮಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. ‘ಲೇ ಹುಣಸೂರು, ಎಡಕ್ಕೆ ಬಾರೆ’ ಎಂದು ಕೂಗುವುದು. ನಾನು ‘ಅತ್ತಿಗುಪ್ಪೆ’. ಉದ್ದವಾಯಿತೆಂದು ಅದು ‘ಅತ್ತಿ’ಯಾಗಿ ನಿಂತಿದೆ.

ಹನ್ನೆರಡರ ಪಟ್ಟಿ ಕೊಟ್ಟಾಗ ಪಿ.ಡಿ. ಸರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಈಗ ಎರಡನೇ ಪ್ರಶ್ನೆ, ಎಲ್ಲಿ ಆಡುವುದು? ದೊಡ್ಡ ಮೈದಾನ ಕ್ರಿಕೆಟ್, ಫುಟ್‌ಬಾಲ್ ಹುಡುಗರದ್ದು. ಬ್ಯಾಸ್ಕೆಟ್‌ಬಾಲ್ ಅಂಕಣ ಕಾಂಕ್ರೀಟ್. ಅಲ್ಲಿ ಡೈವ್ ಹೊಡೆದರೆ ಮಂಡಿ ಚಿಪ್ಪು ಕೈಗೆ ಬರುತ್ತದೆ. ಉಳಿದದ್ದು ಮೆಕ್ಯಾನಿಕಲ್ ವರ್ಕ್‌ಶಾಪ್ ಹಿಂದಿನ ಜಾಗ. ಹಳೆ ಬೆಂಚು, ಒಡೆದ ಟೈಲ್ಸ್, ಪಾರ್ಥೇನಿಯಂ ಗಿಡ. ಐದು ದಿನ ಬೆಳಿಗ್ಗೆ ಕಲ್ಲು, ಗಾಜಿನ ಚೂರು ಆರಿಸಿದೆವು. ಸೆಕ್ಯುರಿಟಿ ಅಣ್ಣ ಎರಡನೇ ದಿನ ಯಾರು ನೀವು ಎಂದು ಗದರಿಸಿದವರು, ನಾಲ್ಕನೇ ದಿನ ಗುದ್ದಲಿ ತಂದುಕೊಟ್ಟರು.

ಇಲ್ಲಿ ನಮ್ಮ ಎಂಜಿನಿಯರಿಂಗ್ ಮೊದಲ ಸಲ ಉಪಯೋಗಕ್ಕೆ ಬಂತು. ಕೊಕ್ಕೊ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಉದ್ದಕ್ಕೆ ನಡುವೆ 30 ಸೆಂಟಿಮೀಟರ್ ಅಗಲದ ಪಟ್ಟಿ, ಅದರ ಮೇಲೆ ಎಂಟು ಚೌಕ, ಎರಡು ತುದಿಗೆ ಎರಡು ಕಂಬ. ನಾಲ್ಕು ಮೂಲೆ ನೇರ ಬರಬೇಕಲ್ಲ? ಶಿರಾ ಸರ್ವೆ ಲ್ಯಾಬ್‌ನ ಟೇಪ್ ಕೇಳಿ ತಂದು, ಒಂದು ಬದಿಗೆ ಮೂರು ಮೀಟರ್, ಇನ್ನೊಂದು ಬದಿಗೆ ನಾಲ್ಕು ಮೀಟರ್ ಗುರುತಿಸಿ, ಕರ್ಣ ಸರಿಯಾಗಿ ಐದು ಬರುವವರೆಗೆ ದಾರ ಸರಿಸಿದಳು. ಪೈಥಾಗೊರಸ್‌ಗೆ ಆ ದಿನ ನಾವು ಸುಣ್ಣದ ಪುಡಿಯಲ್ಲಿ ಗೌರವ ಸಲ್ಲಿಸಿದೆವು. ಕಂಬಕ್ಕೆ ನಮ್ಮ ಏರಿಯಾ ನೆರವಾಯಿತು. ಅತ್ತಿಗುಪ್ಪೆಯಿಂದ ಮೈಸೂರು ರಸ್ತೆಗೆ ಇಳಿದರೆ ನ್ಯೂ ಟಿಂಬರ್ ಯಾರ್ಡ್ ಲೇಔಟ್. ಅಪ್ಪನ ಪರಿಚಯದ ಬಡಗಿಯೊಬ್ಬರು ಎರಡು ಮರದ ಕಂಬ ದುಂಡಗೆ, ನುಣ್ಣಗೆ ಮಾಡಿಕೊಟ್ಟರು. ನೆಲದಿಂದ ಮೇಲೆ 1.20 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಇರಬೇಕು, ಮಣ್ಣಿನೊಳಗೆ ಹೂಳುವ ಭಾಗ ಬೇರೆ. ‘ಮದುವೆ ಚಪ್ಪರಕ್ಕಾ?’ ಎಂದು ಕೇಳಿದರು ಅವರು. ಅಮ್ಮ ನನ್ನ ಮುಖ ನೋಡಿದ್ದು ಇವತ್ತಿಗೂ ನೆನಪಿದೆ.

ಆಟದ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ನೋಡಿದವರಿಗೆ ಕೊಕ್ಕೊ ಅಂದರೆ ಓಟ. ಒಳಗೆ ಕೂತವರಿಗೆ ಅದು ಬೇರೆಯೇ. ಹಿಡಿಯುವ ತಂಡದ ಒಂಬತ್ತು ಜನರಲ್ಲಿ ಎಂಟು ಮಂದಿ ಕೂತಿರುತ್ತಾರೆ, ಅಟ್ಟಿಸಿಕೊಂಡು ಹೋಗುವವಳು ಒಬ್ಬಳೇ. ಓಡುವವರು ಮೂರು ಮೂರು ಜನರಂತೆ ಒಳಗೆ ಬರುತ್ತಾರೆ. ಕೂತವರ ನಡುವೆ ಹೇಗೆ ಬೇಕಾದರೂ ನುಸುಳುವ ಸ್ವಾತಂತ್ರ್ಯ ಅವರಿಗಿದೆ. ಅಟ್ಟುವವಳಿಗೆ ಇಲ್ಲ. ನಡುವಿನ ಪಟ್ಟಿ ದಾಟುವಂತಿಲ್ಲ, ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬದವರೆಗೆ ಹಿಂದಿರುಗುವಂತಿಲ್ಲ. ಅವಳ ಕೈಲಿರುವುದು ಒಂದೇ ಉಪಾಯ, ಸರಿಯಾದ ಹೊತ್ತಿಗೆ ಸರಿಯಾದವಳ ಬೆನ್ನು ಮುಟ್ಟಿ ‘ಖೋ’ ಎನ್ನುವುದು. ಬೆನ್ನಿಗೆ ಕೈ ಬೀಳುವ ಮೊದಲೇ ಎದ್ದರೆ ಫೌಲ್. ಕೈ ಬಿದ್ದ ಮೇಲೆ ಎದ್ದೇಳಲು ತಡವಾದರೆ ಓಡುವವಳು ಕೈ ತಪ್ಪಿ ಹೋಗಿರುತ್ತಾಳೆ.

ಈ ನಡುವಿನ ಅರೆಗಳಿಗೆ ನನಗೆ ಒಲಿಯಲೇ ಇಲ್ಲ. ಕೂತಾಗ ಎರಡೂ ಕೈ ನೆಲದ ಮೇಲೆ, ಒಂದು ಕಾಲು ಹಿಂದೆ, ಸೊಂಟ ಸ್ವಲ್ಪ ಮೇಲೆ, ರೇಸ್‌ಗೆ ಹೊರಟವರ ಹಾಗೆ. ಹತ್ತು ನಿಮಿಷ ಹಾಗೆ ಕೂತರೆ ತೊಡೆ ಉರಿಯುತ್ತದೆ. ಆ ಉರಿಯಲ್ಲೂ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಕಿವಿಯಲ್ಲೇ ಅಳೆಯಬೇಕು. ಶಿರಾ ಮೊದಲ ಎರಡು ವಾರ ನಮ್ಮಲ್ಲಿ ಹೊಸಬರನ್ನು ಓಡಲು ಬಿಡಲೇ ಇಲ್ಲ. ಕೂರು, ಏಳು, ಕೂರು, ಏಳು. ನನಗೆ ಮೊದಲು ಸಿಟ್ಟು ಬಂತು. ಗೂಗಲ್ ಫಾರ್ಮ್ ಮಾಡಿದವಳು ನಾನು, ಪತ್ರ ಬರೆದವಳು ನಾನು, ಕಂಬ ತಂದವಳು ನಾನು! ಆದರೆ ಕ್ಲಾಸ್‌ನಲ್ಲಿ ಪ್ರೆಸೆಂಟೇಷನ್ ಎಂದರೆ ಕೈ ನಡುಗಿಸಿಕೊಂಡು ನಿಲ್ಲುತ್ತಿದ್ದ ಆ ಹುಡುಗಿ ಇಲ್ಲಿ ಸೊಂಟಕ್ಕೆ ಕೈ ಕೊಟ್ಟು, ‘ಅತ್ತಿ, ಮತ್ತೆ ಬೇಗ ಎದ್ದೆ. ಇನ್ನೊಂದ್ಸಲ’ ಎಂದು ಹೇಳುವಾಗ ಎದುರಾಡಲು ಬಾಯಿ ಬರುತ್ತಿರಲಿಲ್ಲ.

ಸುಸ್ತಾಗಿ ಕೂತಾಗ ಮಾತು ವಿಶ್ವಕಪ್‌ಗೇ ಹೋಗುತ್ತಿತ್ತು. ಗೆದ್ದ ತಂಡಗಳಲ್ಲಿದ್ದ ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಚೈತ್ರಾ ಅವರಿಗೆ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ, ಅವರು ಅದನ್ನು ಬೇಡವೆಂದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿದ್ದನ್ನು ಎದುರಿಗಿಟ್ಟರು. ನಮ್ಮಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯಿತು. ‘ಐದು ಲಕ್ಷ ಅಂದ್ರೆ ನಮ್ಮನೇಲಿ ಎರಡು ಬೋರ್‌ವೆಲ್ಲು. ಬೇಡ ಅನ್ನೋಕೆ ಗಟ್ಟಿ ಎದೆ ಬೇಕು’ ಎಂದಳು ಚಿಂತಾಮಣಿ. ‘ಬೇಡ ಅಂದಿದ್ದೇ ಸರಿ. ಅದೇ ಕ್ರಿಕೆಟ್ ಆಗಿದ್ರೆ?’ ಎಂದಳು ಹುಣಸೂರು. ನನಗೆ ಹುಣಸೂರಿನ ಮಾತೇ ಸರಿ ಎನಿಸಿತು. ಆದರೆ ನನ್ನ ಮನೆಯಲ್ಲಿ ಬೋರ್‌ವೆಲ್ ಕೊರೆಸುವ ಚಿಂತೆ ಇಲ್ಲ ಎಂಬುದೂ ಆಗಲೇ ಹೊಳೆಯಿತು.

ಸೆಮಿಸ್ಟರ್ ಮುಂದೆ ಸಾಗಿದಂತೆ ಕಷ್ಟಗಳು ಒಂದೊಂದಾಗಿ ಬಂದವು. ಮಳೆ ಬಂದರೆ ಅಂಕಣ ಕೆಸರುಗದ್ದೆ. ಇಬ್ಬರು ಬಿಟ್ಟುಹೋದರು, ಮೂವರು ಸೇರಿದರು. ಮನೆಯಿಂದ ಓಡಾಡುವ ಒಬ್ಬಳ ಅಪ್ಪನಿಗೆ ಮಗಳು ಶಾರ್ಟ್ಸ್ ಹಾಕುವುದು ಇಷ್ಟವಿರಲಿಲ್ಲ, ಎಲ್ಲರೂ ಟ್ರ್ಯಾಕ್ ಪ್ಯಾಂಟ್‌ನಲ್ಲೇ ಆಡೋಣ ಎಂದು ಅಲ್ಲಿಗೆ ಮುಗಿಸಿದೆವು. ಮುಗಿಯದೇ ಉಳಿದದ್ದು ಹಾಜರಾತಿ. ಶೇ 85 ಇರಲೇಬೇಕು. ಸಂಜೆ ಲ್ಯಾಬ್ ಮುಗಿಯುವ ಹೊತ್ತಿಗೆ ಕತ್ತಲು, ಆದ್ದರಿಂದ ಮಧ್ಯಾಹ್ನದ ಕೊನೆಯ ಪೀರಿಯಡ್ ತಪ್ಪಿಸಿ ಅಭ್ಯಾಸ ಮಾಡುವ ಚಟ ಹತ್ತಿತ್ತು. ಐದನೇ ಸೆಮಿಸ್ಟರ್‌ನಲ್ಲಿ ಚಿಂತಾಮಣಿಗೆ ಒಂದು ವಿಷಯದಲ್ಲಿ ಹಾಜರಾತಿ 79ಕ್ಕೆ ಇಳಿಯಿತು. ಅವಳ ಅಮ್ಮನಿಗೆ ಕಾಲೇಜಿನಿಂದ ಮೆಸೇಜ್ ಹೋಯಿತು. ಆ ಅಮ್ಮ ನನಗೆ ಫೋನ್ ಮಾಡಿದರು. ಬೈಯಲಿಲ್ಲ. ‘ನೀನೇ ಅಂತಲ್ಲಮ್ಮ ಟೀಮ್ ಕಟ್ಟಿದ್ದು? ಸೀಟು ಸಿಗೋಕೆ ನಾವು ಎಷ್ಟು ಕಷ್ಟಪಟ್ಟಿದ್ದೀವಿ ಅವಳನ್ನೇ ಕೇಳು’ ಎಂದಷ್ಟೇ ಹೇಳಿ ಇಟ್ಟರು.

ಆ ರಾತ್ರಿ ನಿದ್ದೆ ಬರಲಿಲ್ಲ. ಆಟದ ಸಲುವಾಗಿ ಅವಳಿಗೆ ಒಂದು ವರ್ಷ ಹೋದರೆ ಉತ್ತರ ಕೊಡಬೇಕಾದವಳು ನಾನು. ಮರುದಿನ ಅಭ್ಯಾಸವನ್ನು ಬೆಳಿಗ್ಗೆ 6.15ಕ್ಕೆ ಬದಲಿಸಿದೆವು. ಹಾಸ್ಟೆಲ್‌ನವರಿಗೆ ಅದು ಸುಲಭ. ನನಗೆ ಎಂದರೆ ಐದೂಕಾಲಿಗೆ ಅತ್ತಿಗುಪ್ಪೆ ಮೆಟ್ರೊ. ಆ ಹೊತ್ತಿನ ಪ್ಲಾಟ್‌ಫಾರ್ಮ್‌ನಲ್ಲಿ ನಾನು, ಹೂವಿನ ಮೂಟೆ ಹಿಡಿದ ಒಬ್ಬರು ಅಜ್ಜಿ, ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಬರುವವರು. ಅಪ್ಪ ಸ್ಟೇಷನ್‌ವರೆಗೆ ಬಂದು ಬಿಟ್ಟುಹೋಗುತ್ತಿದ್ದರು. ಚಿಂತಾಮಣಿ ಮಾತ್ರ ಹಾಜರಾತಿ 85 ಮುಟ್ಟುವವರೆಗೆ ಅಂಕಣಕ್ಕೆ ಬರಬಾರದು ಎಂದು ನಾವೇ ತೀರ್ಮಾನ ಮಾಡಿದೆವು. ಅವಳು ಮೂರು ವಾರ ನಮ್ಮ ಜೊತೆ ಮಾತೇ ಬಿಟ್ಟಳು. 86 ಬಂದ ದಿನ ಪೋರ್ಟಲ್‌ನ ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಹಾಕಿದಳು, ಕೆಳಗೆ ಒಂದಕ್ಷರ ಬರೆಯಲಿಲ್ಲ.

ಅವಳು ವಾಪಸ್ ಬಂದದ್ದರಿಂದ ನಾವು ಹದಿಮೂರಾದೆವು. ವಲಯ ಮಟ್ಟದ ಪಂದ್ಯಕ್ಕೆ ನಾವು ಕಳಿಸುವ ತಂಡದಲ್ಲಿ ಹನ್ನೆರಡು ಹೆಸರು, ಅಂಕಣಕ್ಕೆ ಇಳಿಯುವುದು ಒಂಬತ್ತು. ಪಟ್ಟಿ ಬರೆಯುವ ಕೆಲಸ ಶಿರಾಗೆ ಕೊಟ್ಟಿದ್ದೆವು. ಕ್ಯಾಂಟೀನ್‌ನಲ್ಲಿ ಟೀ ಕುಡಿಯುವಾಗ ಅವಳು ನನ್ನ ಕಡೆ ನೋಡದೇ ಹೇಳಿದಳು, ‘ಅತ್ತಿ, ನಿನ್ನ ಹೆಸರು ಹಾಕೋಕಾಗ್ತಿಲ್ಲ ಕಣೇ.’

ನನಗೆ ಮೊದಲೇ ಗೊತ್ತಿತ್ತು. ನನ್ನ ಜಾಗದಲ್ಲಿ ಯಾರೇ ಆದರೂ ಹಾಗೇ ಪಟ್ಟಿ ಮಾಡಬೇಕಿತ್ತು. ಆದರೂ ‘ಸರಿ ಬಿಡು’ ಎಂದು ಎದ್ದು ಬಂದವಳು ಎರಡು ದಿನ ಅಭ್ಯಾಸಕ್ಕೆ ಹೋಗಲಿಲ್ಲ. ತಲೆನೋವು ಎಂದು ಗ್ರೂಪ್‌ನಲ್ಲಿ ಹಾಕಿದೆ. ಮೂರನೇ ಬೆಳಿಗ್ಗೆ ಐದಕ್ಕೆ ಎಚ್ಚರವಾಗಿ ಸುಮ್ಮನೆ ಮಲಗಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, ‘ಇವತ್ತೂ ಬೇಡ್ವಾ? ಗಾಡಿ ತೆಗೀಲಾ?’ ಎಂದು ಕೇಳಿದರು. ಹೋದೆ. ಯಾರೂ ಏನೂ ಕೇಳಲಿಲ್ಲ. ಹುಣಸೂರು ಸುಣ್ಣದ ಡಬ್ಬಿ ಕೈಗೆ ಕೊಟ್ಟಳು, ಗೆರೆ ಎಳೆದೆ.

ಪಂದ್ಯದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವಕಪ್‌ನಲ್ಲಿ ಆಡಿದ್ದು ಮ್ಯಾಟ್ ಮೇಲೆ, 7 ನಿಮಿಷಗಳ ವೇಗದ ಮಾದರಿ. ನಮ್ಮದು ಮಣ್ಣಿನಲ್ಲಿ, 9 ನಿಮಿಷಗಳ ಹಳೇ ಲೆಕ್ಕ, ಒಂದು ಔಟ್‌ಗೆ ಒಂದು ಅಂಕ. ಮೊದಲ ಪಂದ್ಯ ಗೆದ್ದೆವು. ಎದುರಿನವರೂ ನಮ್ಮ ಹಾಗೆ ಹೊಸಬರು. ಎರಡನೆಯದರಲ್ಲಿ ಎರಡು ಅಂಕಗಳಿಂದ ಸೋತೆವು. ನಾನು ಗೆರೆಯ ಹೊರಗೆ ನೀರಿನ ಬಾಟಲ್, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಕೊನೆಯ ನಿಮಿಷದಲ್ಲಿ ಚಿಂತಾಮಣಿ ಕಂಬ ಹಿಡಿದು ಪೂರ್ತಿ ಉದ್ದಕ್ಕೆ ಚಾಚಿ ಡೈವ್ ಹೊಡೆದಳು. ಅವಳ ಬೆರಳಿಗೂ ಓಡುವವಳ ಹಿಮ್ಮಡಿಗೂ ನಡುವೆ ಒಂದು ಗೇಣು ಇತ್ತು. ಮಣ್ಣಿನಿಂದ ತಲೆ ಎತ್ತಿ ಅವಳು ಮೊದಲು ನೋಡಿದ್ದು ನನ್ನ ಕಡೆ, ಇನ್ನೆಷ್ಟು ಸೆಕೆಂಡ್ ಎಂದು ಕೇಳಲು. ಹನ್ನೊಂದು ಎಂದು ಬೆರಳಲ್ಲಿ ತೋರಿಸಲು ಹೋಗಿ ತಡವರಿಸಿದೆ, ಹತ್ತೇ ಬೆರಳಲ್ಲವೇ ಇರುವುದು!

ವಾಪಸ್ ಬರುವಾಗ ಬಸ್‌ನಲ್ಲಿ ಪಿ.ಡಿ. ಸರ್ ಮುಂದಿನ ಸೀಟಿನಿಂದ ತಿರುಗಿ, ಎಲ್ಲರೂ ಮಂಡಿಗೆ ನೀಕ್ಯಾಪ್ ತಗೊಳ್ಳಿ, ಬಿಲ್ ನನಗೆ ಕೊಡಿ ಎಂದರು. ನನ್ನನ್ನೂ ಸೇರಿಸಿ ಹದಿಮೂರು ಲೆಕ್ಕ ಹಾಕಿದ್ದರು.

ಈಗ ಪ್ಲೇಸ್‌ಮೆಂಟ್ ತಯಾರಿಯ ಕಾಲ. ರೆಸ್ಯುಮೆಯಲ್ಲಿ ‘ಮಹಿಳಾ ಕೊಕ್ಕೊ ತಂಡ ಸ್ಥಾಪನೆ’ ಎಂದು ಒಂದು ಸಾಲು ಬರೆದಿದ್ದೇನೆ. ಬರೆದು, ಅಳಿಸಿ, ಮತ್ತೆ ಬರೆದದ್ದು. ಅಣಕು ಸಂದರ್ಶನದಲ್ಲಿ ಸೀನಿಯರ್ ಒಬ್ಬರು ‘ನೀನು ಯಾವ ಪೊಸಿಷನ್?’ ಎಂದು ಕೇಳಿದರು. ‘ಗೆರೆ ಹಾಕೋಳು’ ಎಂದೆ. ಅವರು ನಕ್ಕರು, ನಾನು ನಿಜವನ್ನೇ ಹೇಳಿದ್ದೆ. ಅದೇ ದಿನ ಶಿರಾ ತನ್ನ ಪರಿಚಯ ಹೇಳುವಾಗ ಇಂಗ್ಲಿಷ್‌ನಲ್ಲಿ ಎರಡು ಕಡೆ ತಡವರಿಸಿದಳು. ಹವ್ಯಾಸದ ಜಾಗ ಬಂದಾಗ ಮಾತ್ರ ತಡವರಿಸಲಿಲ್ಲ. ‘ಕೊಕ್ಕೊ, ಡಿಸ್ಟ್ರಿಕ್ಟ್ ಲೆವೆಲ್’ ಎಂದು ಬಿಗಿಯಾಗಿ ಹೇಳಿದಳು.

ವರ್ಕ್‌ಶಾಪ್ ಹಿಂದಿನ ಜಾಗಕ್ಕೆ ದ್ವಿಚಕ್ರ ವಾಹನಗಳ ಪಾರ್ಕಿಂಗ್ ವಿಸ್ತರಿಸುವ ಮಾತು ಕೇಳಿಬರುತ್ತಿದೆ. ಕಳೆದ ಸೋಮವಾರ ಹದಿನೇಳು ಸಹಿ ಹಾಕಿ ಮನವಿ ಕೊಟ್ಟಿದ್ದೇವೆ. ಅದರಲ್ಲಿ ಐದು ಮೊದಲ ವರ್ಷದವರದ್ದು. ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಬೆಳಿಗ್ಗೆ 6.15ಕ್ಕೆ ಅಭ್ಯಾಸ ನಡೆದಿದೆ. ಉತ್ತರದ ಕಡೆಯ ಕಂಬ ಮಳೆಗೆ ಸ್ವಲ್ಪ ವಾಲಿದೆ, ಈ ಭಾನುವಾರ ಅದರ ಬುಡಕ್ಕೆ ಮಣ್ಣು ತುಂಬಬೇಕು. ಗುದ್ದಲಿಗೆ ಸೆಕ್ಯುರಿಟಿ ಅಣ್ಣನಿಗೆ ಹೇಳಿಟ್ಟಿದ್ದೇನೆ.